ಮಾಡದ ತಪ್ಪಿನ ಮುಚ್ಚಳಿಕೆ

ದುಬೈಯಲ್ಲಿ ಸಣ್ಣಪುಟ್ಟ ಜಗಳ ಠಾಣೆಗೆ ಹೋದರೆ ಹೆಚ್ಚಾಗಿ ಒಂದು ಮುಚ್ಚಳಿಕೆಯಲ್ಲಿ ಮುಗಿಯುತ್ತದೆ. ಇನ್ನು ಹೀಗೆ ಮಾಡುವುದಿಲ್ಲ ಎಂದು ಬರೆದ ಕಾಗದಕ್ಕೆ ಸೈನ್ ಹಾಕಬೇಕು, ಮನೆಗೆ ಹೋಗಬೇಕು. ಅದರಲ್ಲೇನಿದೆ ಎಂದು ಕೇಳುವವರಿಗೆ ಇದನ್ನು ಹೇಳಲೇಬೇಕು.

ಇಲ್ಲಿನ ದೇರಾ ಪೇಟೆಯ ಮಸಾಲೆ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಮೂಟೆ ಇಳಿಸುತ್ತಿದ್ದೇನೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಆದರೆ ಯಾರ ಮೈಮೇಲೂ ಕೈ ಮಾಡಿದವನಲ್ಲ. ಆ ದಿನ ನನ್ನ ಕೈಗಾಡಿ ಒಬ್ಬನ ಕಾರಿಗೆ ಅಡ್ಡ ನಿಂತಿತ್ತು. ಅವನು ಇಳಿದು ಬಂದು ಗಾಡಿಗೆ ಒದ್ದ. ನಾನು ಗಾಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ, ಅಷ್ಟೇ. ನಮ್ಮ ಧಣಿ ಅಂಗಡಿಯೊಳಗಿಂದ ಎಲ್ಲ ನೋಡಿದ್ದರು. ಎದೆಗೆ ಕೈಹಾಕಿ ದೂಡಿದೆನೆಂದು ಅವನು ದೂರು ಕೊಟ್ಟ.

ಠಾಣೆಯ ಅಧಿಕಾರಿ ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು. ನನ್ನ ಅರಬಿ ಬೆಲೆ ಚೌಕಾಸಿಗಷ್ಟೇ ಸಾಕು, ಹಾಗಾಗಿ ಜೊತೆಗೆ ಬಂದಿದ್ದ ಧಣಿಯೇ ಕನ್ನಡದಲ್ಲಿ ಹೇಳಿದರು: ಇಬ್ಬರೂ ಸೈನ್ ಹಾಕಿದರೆ ಇಲ್ಲಿಗೇ ಮುಗಿಯಿತು; ಇಲ್ಲವಾದರೆ ಫೈಲು ಮೇಲೆ ಹೋಗುತ್ತದೆ, ಅದು ತೀರುವವರೆಗೆ ಊರಿಗೆ ಹೋಗುವುದು ಕಷ್ಟ. ಇನ್ನು ಒಂಬತ್ತು ದಿನಕ್ಕೆ ಊರಲ್ಲಿ ಮಗಳ ನಿಕಾಹ್ ಇತ್ತು.

ಅರಬಿಯಲ್ಲಿದ್ದ ಕಾಗದವನ್ನು ಓದಿ ಹೇಳಿ ಎಂದೆ. ನನಗಿಂತ ಹತ್ತು ವರ್ಷ ಚಿಕ್ಕವರಾದ ಧಣಿ ಗಡಿಯಾರ ನೋಡಿಕೊಂಡರು.

"ಸೈನ್ ಹಾಕಿ ಕಾಕ. ಅದರಲ್ಲಿ ಎಂಥದೂ ಇಲ್ಲ. ಖಲಾಸ್ ಮಾಡಿ."

"ಎಂಥದೂ ಇಲ್ಲದಿದ್ರೆ ಓದ್ಲಿಕ್ಕೆ ನಿಮಗೆ ಎಂಥ ಕಷ್ಟ?"

ಓದಿದರು. ದೂಡಿದ್ದೇನೆ, ಇನ್ನು ದೂಡುವುದಿಲ್ಲ ಎಂದಿತ್ತು. ಮೊದಲಿನ ಮಾತು ತೆಗೆಸಿ, ಎರಡನೆಯದಕ್ಕೆ ಬೇಕಾದರೆ ಹತ್ತು ಸೈನ್ ಹಾಕುತ್ತೇನೆ ಎಂದೆ. ಧಣಿ ಅದನ್ನು ಅಧಿಕಾರಿಗೆ ಹೇಳಲೇ ಇಲ್ಲ, ನನ್ನ ಕೈಗೆ ಪೆನ್ನು ಕೊಟ್ಟರು. ಮಗಳನ್ನು ನೆನೆದು ಹಾಕಿದೆ.

ಆರು ತಿಂಗಳ ಮೇಲೆ ಗಿರಾಕಿಯೊಬ್ಬ ಏಲಕ್ಕಿಯಲ್ಲಿ ಧೂಳಿದೆಯೆಂದು ನನ್ನ ಮೇಲೆ ಕೂಗಾಡಿದ. ನಾನು ಬಾಯಿ ತೆರೆಯುವ ಮೊದಲೇ ಧಣಿ ಎಲ್ಲರೆದುರು ಹೇಳಿದರು: "ಸುಮ್ಮನಿರಿ ಕಾಕ. ನಿಮ್ಮ ಹೆಸರಲ್ಲಿ ಮೊದಲೇ ಒಂದು ಪೇಪರ್ ಉಂಟಲ್ಲ."

ನಾನು ಧಣಿಯ ಎದುರು ಹೋಗಿ ನಿಂತೆ.

"ಎಂಥದೂ ಇಲ್ಲ ಅಂದದ್ದು ನೀವೇ ಅಲ್ವಾ? ನಾನು ದೂಡ್ಲಿಲ್ಲ ಅಂತ ನೀವು ನೋಡಿದ್ದೀರಿ. ಅದನ್ನೂ ಇವರೆಲ್ಲರ ಎದುರು ಹೇಳಿ."

ಅವರು ಗಿರಾಕಿಯ ಕಡೆ ತಿರುಗಿದರು. ಹೇಳುವವರೆಗೆ ಕೆಲಸ ಮುಟ್ಟುವುದಿಲ್ಲವೆಂದು ಬಾಗಿಲಲ್ಲೇ ಮೂಟೆಯ ಮೇಲೆ ಕುಳಿತುಬಿಟ್ಟೆ. ಹೊರಗೆ ಲಾರಿ ಕಾಯುತ್ತಿತ್ತು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಕೂಗುವ ಹೊತ್ತಿಗೆ, ಮುಖ ಆಚೆ ಮಾಡಿ, ಕಾಕ ದೂಡಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಎದ್ದು ಮೂಟೆ ಇಳಿಸಿದೆ. ಠಾಣೆಯ ಕಾಗದದಲ್ಲಿ ಮಾತ್ರ ನಾನು ಇವತ್ತಿಗೂ ದೂಡಿದವನೇ.