ಬಾಯಿ ಮುಚ್ಚದ ತೋಟಾ

ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಸಾಲಿನಲ್ಲಿ ಕೊಡಗಿನ ಹೆಂಡತಿಯಿದ್ದವನು ನಾನೊಬ್ಬನೇ. ನಾನೋ ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವನು. ಅವಳು ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಮನೆಯಲ್ಲಿ ಬೆಳೆದವಳು. ಎರಡು ಸಾವಿರದ ದಶಕದ ಆರಂಭದಲ್ಲಿ ಅವಳು ಊರಾಚೆಯ ಒಂದು ಶೂಟಿಂಗ್ ಕ್ಲಬ್ ಸೇರಿದಳು. ಭಾನುವಾರ ಅವಳ ಬ್ಯಾಗ್ ಹೊರುವ ಕೆಲಸ ನನ್ನದು.

ಬಂದೂಕಿನ ಹೊಸ ತೋಟಾ ದುಬಾರಿ, ಸಿಗುವುದೂ ಕಷ್ಟ. ಹಾಗಾಗಿ ಕ್ಲಬ್ಬಿನವರು ಹಾರಿಸಿದ ಖಾಲಿ ತೋಟಾಗಳಿಗೇ ಮತ್ತೆ ಮದ್ದು, ಚರೆ ಎಂಬ ಸಣ್ಣ ಗುಂಡುಗಳನ್ನು ತುಂಬುತ್ತಿದ್ದರು. ತುಂಬಿದ ಮೇಲೆ ಬಾಯಿ ಮುಚ್ಚಲು ಪ್ರೆಸ್ಸಿನಲ್ಲಿ ಕ್ರಿಂಪಿಂಗ್ ಡೈ ಎಂಬ ಅಚ್ಚುಗಳು. ಮೋದಕಕ್ಕೆ ನೆರಿಗೆ ಹಿಡಿದಂತೆ ಒಂದು ಡೈ ಪ್ಲಾಸ್ಟಿಕ್ಕಿನ ಅಂಚನ್ನು ಮಡಚುತ್ತದೆ, ಇನ್ನೊಂದು ಅದನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಡೈ ತೀರಾ ಕೆಳಗಿಳಿದರೆ ತೋಟಾದ ಮೈ ಸೊಟ್ಟಗಾಗುತ್ತದೆ. ಮೇಲಾದರೆ ಬಾಯಿ ಸಡಿಲ, ಮದ್ದು ಸರಿಯಾಗಿ ಉರಿಯುವುದಿಲ್ಲ, ಮದ್ದಿಗೂ ಚರೆಗೂ ನಡುವೆ ಕೂರುವ ಬಿರಡೆ ನಳಿಕೆಯಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆಯೇ ಇನ್ನೊಂದು ಗುಂಡು ಹಾರಿಸಿದರೆ ಬಂದೂಕೇ ಸಿಡಿದೀತು. ಇದೆಲ್ಲ, ಆ ಪ್ರೆಸ್ಸಿನಲ್ಲಿ ಕೈ ಪಳಗಿದ್ದ ಅವಳು ಊಟಕ್ಕೆ ಕೂತಾಗ ನನಗೆ ಹೇಳಿಕೊಟ್ಟ ಪಾಠ.

ಕ್ಲಬ್ಬಿನ ತಂಡಕ್ಕೆ ಹೆಂಗಸರನ್ನೂ ಪರಿಗಣಿಸಿದ್ದು ಆ ಚಳಿಗಾಲದಲ್ಲೇ ಮೊದಲು. ಅವಳು ಅದಕ್ಕಾಗಿ ಹಂಬಲಿಸಿದ್ದಳು. ಆಯ್ಕೆಯ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿಗಳು ತಾವೇ ತುಂಬಿದ ತೋಟಾಗಳನ್ನು ಹಂಚಿದರು. ಈ ಸಲದ ಖಾಲಿ ತೋಟಾಗಳು ಬೇರೆ ಕಂಪನಿಯವು, ಪ್ಲಾಸ್ಟಿಕ್ ದಪ್ಪ. ಡೈಯನ್ನು ಮಾತ್ರ ಯಾರೂ ಅದಕ್ಕೆ ತಕ್ಕಂತೆ ಹೊಂದಿಸಿರಲಿಲ್ಲ. ಇವಳು ಒಂದನ್ನು ಬೋರಲು ಹಿಡಿದಳು. ಅಂಗೈಗೆ ಚರೆ ಉದುರಿತು. ಇವನ್ನು ಯಾರೂ ಹಾರಿಸಬಾರದು ಎಂದಳು. ಕಾರ್ಯದರ್ಶಿಗಳಿಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾದರೆ ಮನೆಗೆ ಹೊರಡಿ ಎಂದು ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು.

ಒಂದು ದಿನದ ಮಟ್ಟಿಗೆ ಹೊಂದಿಕೊಂಡು ಹೋಗೇ ಎಂದು ನಾನು ಪಿಸುಗುಟ್ಟಿದೆ.

"ರೀ, ಸುಮ್ನಿರಿ. ಬಾಯಿ ಮುಚ್ಚದ ತೋಟಾ ನಾನು ಹಾರಿಸಲ್ಲ."

ಅವಳನ್ನು ಬಿಟ್ಟು ಆಯ್ಕೆ ಶುರುವಾಯಿತು. ಮೊದಲನೆಯವನು ಟ್ರಿಗರ್ ಎಳೆದ. ಢಮಾರ್ ಎನ್ನಬೇಕಾದ ಬಂದೂಕು ಪುಸ್ ಎಂದಿತು. ಬಂದೂಕು ಮಡಚಿ ತೆರೆದು ನೋಡಿದರೆ ನಳಿಕೆಯಲ್ಲಿ ಬಿರಡೆ ಕೂತಿತ್ತು. ಎಲ್ಲರೂ ಬಂದೂಕು ಕೆಳಗಿಟ್ಟರು, ಆಯ್ಕೆ ನಿಂತಿತು. ಕಾರ್ಯದರ್ಶಿಗಳು ಮೆತ್ತಗೆ ಇವಳ ಬಳಿ ಬಂದು, ಮಗಳೇ ಎನ್ನುವಂತೆ ಬೇಟೀ ಎಂದು ಕರೆದು, ಡೈ ಸರಿಮಾಡಿಕೊಡಲು ಕೇಳಿದರು. ನಾನಾಗಿದ್ದರೆ ಆ ಒಂದು ಬೇಟೀಗೇ ಕರಗಿಹೋಗುತ್ತಿದ್ದೆ.

ಅವಳು ಹಿಂದಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೊದಲು ನನ್ನ ಹೆಸರು ಬರೀರಿ. ಆಮೇಲೆ ಡೈ ಮುಟ್ತೀನಿ."

ಅವರು ಬರೆದರು. ನಾನು ಹೆಮ್ಮೆಯಿಂದ ಅವಳ ಬ್ಯಾಗ್ ಹೆಗಲಿಗೇರಿಸಿದೆ. ಅವಳು ಅಷ್ಟರಲ್ಲಿ ಸ್ವೆಟರಿನ ತೋಳು ಮೇಲೇರಿಸಿಕೊಂಡು ಪ್ರೆಸ್ಸಿನ ಕಡೆ ಹೊರಟಾಗಿತ್ತು.