ಓದದೆ ಉಳಿದ ಒಂದು ಕಾಗದ

ಬೆಳಗಿನ ಆರೂಕಾಲು. ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದ ಹಳ್ಳಿಯೊಂದರಲ್ಲಿ ನಾಗರಾಜು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಾರೆ. ಬಾಗಿಲ ಮುಂದೆ ಮೊಪೆಡ್ಡು ಬಂದು ನಿಲ್ಲುತ್ತದೆ. ಇಳಿದವರು ಅಮೀನ ಸಿದ್ದರಾಮು. ಕೋರ್ಟಿನ ಸಮನ್ಸು, ನೋಟಿಸು, ಆದೇಶಗಳನ್ನು ಮನೆಮನೆಗೆ ಮುಟ್ಟಿಸುವುದು ಅವರ ಕೆಲಸ. ಗದ್ದೆಗೆ ಹೋದ ಮೇಲೆ ಜನ ಕೈಗೆ ಸಿಗುವುದಿಲ್ಲ, ಅದಕ್ಕೇ ಈ ಹೊತ್ತು.

"ಸೈನು ಎಲ್ಲಾಕ್ಬೇಕು ಯೋಳಿ, ಆಕ್ಕೊಟ್ಬುಡ್ತೀನಿ," ಎನ್ನುತ್ತಾರೆ ನಾಗರಾಜು.

"ಕ್ಯಾನು ಕೆಳಗಿಕ್ಕು. ಓದ್ತೀನಿ, ಕೇಳು. ಆಮೇಲೆ ಸೈನು."

"ನಾನೂ ಎಸ್ಸೆಲ್ಸಿ ಪಾಸಾಗಿವ್ನಿ ಕಣಣ್ಣ."

"ಪಾಸಾದೋನಿಗೆ ಕಿವಿ ಇರಾಕಿಲ್ವಾ? ಕೇಳು."

ಸಿದ್ದರಾಮು ಕನ್ನಡಕ ಏರಿಸಿ, ಎರಡು ಪುಟದ ಆದೇಶವನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಾರೆ. ಓದಿ, ಕಾಗದ ಮಡಿಸಿ, ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಕೇಸು ಮುಗಿಯೋಗಂಟ ಆ ಬೇಲಿ ಕೀಳ್ಬ್ಯಾಡ. ಕಿತ್ರೆ ಕೋರ್ಟಿನ ಮಾತು ಮೀರ್ದಂಗೆ. ಜೈಲಿಗೂ ಆಕ್ಬೋದು. ಏನ್ ತಿಳ್ಕಂಡೆ, ಈಗ ನೀನ್ ಯೋಳು."

ನಾಗರಾಜು ಒಪ್ಪಿಸುತ್ತಾರೆ, ಸಹಿ ಹಾಕುತ್ತಾರೆ. "ಕತೆ ಓದ್ಸೋಕೆ ಕರೆಸಿದ್ರೂ ಯಾರೂ ಇಷ್ಟೊತ್ತು ಓದಾಕಿಲ್ಲ," ಎಂದು ಗೊಣಗುತ್ತ ಕ್ಯಾನು ಎತ್ತಿಕೊಳ್ಳುತ್ತಾರೆ.

ಸಿದ್ದರಾಮು ನಗುವುದಿಲ್ಲ. ಓದಿದ್ದು ಕೇಳುವವನ ಕಿವಿ ದಾಟಿ ಒಳಗೆ ಇಳಿಯಬೇಕು. ಪುರಾಣಕ್ಕೆ ಹೇಗೋ ಕೋರ್ಟಿನ ಕಾಗದಕ್ಕೂ ಹಾಗೆಯೇ ಎಂದು ಅವರು ಕಲಿತದ್ದು ತಡವಾಗಿ. ಕಲಿತದ್ದರ ಬೆಲೆ ತೆತ್ತವರು ಬೇರೆಯವರು.

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ಅವರಿಗೆ ಮೂವತ್ತೊಂದು ವರ್ಷದ ಸೇವೆ. ಅರವತ್ತು ತುಂಬಿ ಈ ತಿಂಗಳ ಕೊನೆಗೆ ನಿವೃತ್ತಿ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರು ಓಡಾಟ. ಮೊದಲು ದಿನಕ್ಕೆ ಇಪ್ಪತ್ತು ಕಾಗದ ಮುಟ್ಟಿಸುತ್ತಿದ್ದವರು ಈಗ ಹನ್ನೆರಡು ದಾಟಿದರೆ ಹೆಚ್ಚು. ತಡವಾಯಿತೆಂದು ಎರಡು ಸಲ ಮೆಮೊ ಬಂದಿದೆ. ನಾಯಿ ಕಚ್ಚಿದೆ, ಒಬ್ಬಾತ ಮಚ್ಚು ಹಿಡಿದು ಅಟ್ಟಿಸಿಕೊಂಡು ಬಂದಿದ್ದಾನೆ. "ಅದೆಲ್ಲಾ ಏನಲ್ಲ ಬುಡಿ," ಎನ್ನುತ್ತಾರೆ.

ಸಣ್ಣ ಕೋರ್ಟುಗಳಲ್ಲಿ ನ್ಯಾಯಾಲಯಕ್ಕೆ ತೋರಿದ ಅಗೌರವ ಎರಡು ಬಗೆಯದು. ಕಲಾಪದ ನಡುವೆಯೇ ಕೂಗಾಡಿದವನನ್ನು ಅಲ್ಲೇ ಕೂರಿಸಿ, ಅಂದಿನ ಕೋರ್ಟು ಏಳುವುದರೊಳಗೆ ದಂಡ ಹಾಕುತ್ತಾರೆ. ಕ್ಷಮೆ ಕೇಳಿದರೆ ಬಿಟ್ಟು ಕಳಿಸುವುದೂ ಉಂಟು. ತಡೆಯಾಜ್ಞೆ ಮೀರಿದ್ದು ಇನ್ನೊಂದು ಬಗೆ. ಅದಕ್ಕೆ ವಿಚಾರಣೆ ನಡೆಯುತ್ತದೆ, ಮೂರು ತಿಂಗಳವರೆಗೆ ಸಿವಿಲ್ ಸೆರೆಯೂ ಆಗಬಹುದು. ಅಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಆದೇಶ ತಿಳಿದಿತ್ತೇ? ಆ ಪ್ರಶ್ನೆಗೆ ಉತ್ತರ ಅಮೀನನ ವರದಿಯಲ್ಲಿರುತ್ತದೆ. ವರದಿಯ ಕೊನೆಗೆ ಎಲ್ಲರೂ ಬರೆಯುವ ಒಂದು ಸಾಲಿದೆ: "ಓದಿ ಹೇಳಿ ಜಾರಿ ಮಾಡಿರುತ್ತೇನೆ."

ಹನ್ನೊಂದು ವರ್ಷದ ಹಿಂದೆ ಸಿದ್ದರಾಮು ಆ ಸಾಲು ಬರೆದು ಒಂದು ಕಾಗದ ಜಾರಿ ಮಾಡಿದರು. ಓದಿ ಹೇಳಿರಲಿಲ್ಲ.

ಗಂಡ ಸತ್ತಿದ್ದ ದೇವಿರಮ್ಮನ ಮನೆ. ಗದ್ದೆಬದಿಯ ಸಣ್ಣ ಕಾಲುವೆಯ ವಿಚಾರಕ್ಕೆ ಭಾವನ ಮಗ ಲಿಂಗಯ್ಯ ದಾವೆ ಹಾಕಿದ್ದರು. ಅವರ ಕಡೆ ಹೋಗುವ ನೀರಿಗೆ ದೇವಿರಮ್ಮ ಅಡ್ಡಕಟ್ಟೆ ಹಾಕಕೂಡದು ಎಂದು ತಡೆಯಾಜ್ಞೆ. ಆಕೆಗೆ ಓದು ಬಾರದು. "ಬಿಸ್ಲಲ್ಲಿ ಬಂದಿದ್ದೀಯ, ಕುಡಿ ಕಣಪ್ಪ," ಎಂದು ಮಜ್ಜಿಗೆ ಕೊಟ್ಟಳು. ಅವತ್ತು ಸಿದ್ದರಾಮುವಿನ ಕೈಯಲ್ಲಿ ಇಪ್ಪತ್ಮೂರು ಕಾಗದ. ಮಜ್ಜಿಗೆ ಕುಡಿದರು, ಹೆಬ್ಬೆಟ್ಟು ಒತ್ತಿಸಿಕೊಂಡರು, ಹೊರಟರು.

ತಿಂಗಳ ಮೇಲೆ ಆಕೆ ಕಾಲುವೆಗೆ ಮಣ್ಣು ಹಾಕಿ ತನ್ನ ಗದ್ದೆಗೆ ನೀರು ಕಟ್ಟಿಕೊಂಡಳು. ಲಿಂಗಯ್ಯ ಕೋರ್ಟಿಗೆ ಹೋದರು.

ವಿಚಾರಣೆಯ ದಿನ ಸಿದ್ದರಾಮು ಬಾಗಿಲ ಬಳಿ ನಿಂತಿದ್ದರು. ಅಮೀನರು ಆದೇಶ ಓದಿ ಹೇಳಿದರೇ ಎಂದು ನ್ಯಾಯಾಧೀಶರು ಕೇಳಿದರು. ದೇವಿರಮ್ಮ ಒಮ್ಮೆ ಬಾಗಿಲ ಕಡೆ ನೋಡಿದಳು. "ಓದಿ ಯೋಳಿದ್ರು ಬುದ್ಧಿ," ಎಂದಳು. ಹಾಗಾದರೆ ತಪ್ಪಾಯಿತೆಂದು ಒಪ್ಪುತ್ತೀಯಾ ಎಂದರೆ, "ಗದ್ದೆಗೆ ನೀರು ಕಟ್ಟಾದು ತಪ್ಪಾ ಬುದ್ಧಿ?" ಎಂದಳು. ತಿಳಿದೂ ಮೀರಿದ್ದಾಳೆ, ಪಶ್ಚಾತ್ತಾಪವಿಲ್ಲ ಎಂದು ದಾಖಲಾಯಿತು. ಏಳು ದಿನದ ಸೆರೆ.

ವಾರಂಟು ಹಿಡಿದು ಆಕೆಯನ್ನು ಕರೆತರಲು ಹೋದವರೂ ಸಿದ್ದರಾಮುವೇ. ಒಬ್ಬ ಮಹಿಳಾ ಪೇದೆ ಜೊತೆಗಿದ್ದರು. ದೇವರ ಗೂಡಿನಲ್ಲಿ ಅದೇ ಆದೇಶವಿತ್ತು, ಅರಿಸಿನ ಕುಂಕುಮ ಇಟ್ಟು. ನೀರು ಬಿಡಿಸಿಕೊಡಿ ಎಂದು ಆಕೆಯ ಗಂಡ ಸಾಯುವ ಮೊದಲು ನೀರಾವರಿ ಕಚೇರಿಗೆ ಅರ್ಜಿ ಕೊಟ್ಟಿದ್ದ. ಮೊಹರು ಬಿದ್ದ ಕಾಗದ ನೋಡಿ, ಅದಕ್ಕೆ ಬಂದ ಜವಾಬು ಎಂದೇ ಆಕೆ ನಂಬಿದ್ದಳು. ಆ ನಂಬಿಕೆಯಿಂದಲೇ ನೀರು ತಿರುಗಿಸಿದ್ದಳು.

ಮಂಡ್ಯದ ಜೈಲಿಗೆ ಬಸ್ಸಿನಲ್ಲಿ ಹೊರಟರು. ಸಿದ್ದರಾಮುವಿನಿಂದ ತಡೆಯಲಾಗಲಿಲ್ಲ. "ಯಾಕವ್ವಾ ಸುಳ್ಳೇಳ್ದೆ?" ಎಂದರು.

"ಓದ್ಲಿಲ್ಲ ಅಂದಿದ್ರೆ ನಿನ್ ಕೆಲ್ಸ ಓಗ್ಬುಡ್ತಿತ್ತಲ್ಲಪ್ಪ. ನಿಂಗೂ ಮಕ್ಕಳವೆ. ನನ್ ಮನೆ ಮಜ್ಜಿಗೆ ಕುಡ್ದೋನು ನೀನು." ಕಿಟಕಿಯಾಚೆಯ ಗದ್ದೆ ನೋಡಿ ಕೇಳಿದಳು: "ಏಳ್ ದಿನಕ್ಕೆ ಒಟ್ಲು ಒಣಗ್ಬುಡ್ತದಾ?"

ಒಣಗಿತು. ಬಿತ್ತಿ ಬೆಳೆಸಿದ್ದ ಭತ್ತದ ಸಸಿ ಅಷ್ಟೂ ಹಳದಿಯಾಗಿ ಮಲಗಿತು. ಆ ವರ್ಷ ಆಕೆಯ ಗದ್ದೆ ನಾಟಿಯಾಗಲಿಲ್ಲ. ಮುಂದಿನ ವರ್ಷ ನೀರು ಬಂತು, ಸಸಿಯೂ ಬಂತು. ಊರಿಟ್ಟ ಹೆಸರು ಮಾತ್ರ ಹೋಗಲಿಲ್ಲ. ಕೋರ್ಟಿಗೇ ಎದುರು ನಿಂತವಳು ಎಂದು ಆಕೆ 'ಜೈಲು ದೇವಿರಮ್ಮ' ಆದಳು. ಮೊಮ್ಮಗಳು ರೂಪಳ ಮದುವೆ ಮಾತಿಗೆ ಬಂದವರು ಆ ಹೆಸರು ಕೇಳಿ ಎದ್ದು ಹೋದರು.

"ನ್ಯಾಯಾಧೀಸ್ರುದು ತಪ್ಪಿಲ್ಲ. ಕಾಗ್ದದಾಗೆ ಏನಿತ್ತೋ ಅದ್ನ ನಂಬಿದ್ರು," ಎನ್ನುತ್ತಾರೆ ಸಿದ್ದರಾಮು. "ಬಾಗ್ಲತ್ರ ನಾಲ್ಕು ಹೆಜ್ಜೆ ದೂರ್ದಾಗೆ ನಿಂತಿದ್ದೆ. ಬಾಯಿ ಬರ್ಲಿಲ್ಲ."

ದೇವಿರಮ್ಮನಿಗೆ ಈಗ ಎಪ್ಪತ್ತಾರು. ಆ ಹಾದಿಯಲ್ಲಿ ಹೋದಾಗಲೆಲ್ಲ ಸಿದ್ದರಾಮು ಇಳಿಯುತ್ತಾರೆ. ಈ ದಿನವೂ, ಹನ್ನೆರಡನೆಯ ಕಾಗದ ಮುಗಿಸಿ, ಜಗಲಿಯ ಮೇಲೆ ಕೂರುತ್ತಾರೆ. ಆಕೆ ಲೋಟ ಮುಂದಿಡುತ್ತಾಳೆ.

"ಇವತ್ತೂ ಎಲ್ಲಾರ್ಗೂ ಓದಿ ಯೋಳ್ದಾ?"

"ಯೋಳ್ದೆ ಕಣವ್ವ."

"ಗಂಟ್ಲು ಒಣಗಿರ್ತದೆ, ಕುಡಿ."

ಕುಡಿದು, ಲೋಟ ತೊಳೆದಿಟ್ಟು ಮೊಪೆಡ್ಡಿನ ಬಳಿ ಬಂದವರು, ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ ಬರೆಯಿರಿ ಎಂದು ತಲೆಯಾಡಿಸುತ್ತಾರೆ. ಕೋರ್ಟು ಯಾವುದೆಂದು ಬೇಡ, ಅಲ್ಲಿಯವರ ತಪ್ಪೇನಿಲ್ಲ. ಆದರೆ ತಮ್ಮ ಹೆಸರು ಬಿಡಬಾರದು ಎನ್ನುತ್ತಾರೆ. ನಿವೃತ್ತಿಯ ಹೊಸ್ತಿಲಲ್ಲಿ ಇದರಿಂದ ತೊಂದರೆಯಾದೀತಲ್ಲವೇ ಎಂದು ಕೇಳುತ್ತೇನೆ.

"ಆಗ್ಲಿ. ನನ್ನ ಹೊಗಳಿ ಬರೀಬ್ಯಾಡಿ. ಸಿದ್ದರಾಮು ಓದ್ಲಿಲ್ಲ, ಆಯಮ್ಮಂಗೆ ಗೊತ್ತಿರ್ಲಿಲ್ಲ, ಅಷ್ಟು ಬರೀರಿ. ಭಾನ್ವಾರ ಈ ಊರ ಡೈರಿ ಮುಂದೆ ಒಬ್ರು ಪೇಪರ್ ಓದ್ತಾರೆ, ಹಾಲು ತಂದೋರೆಲ್ಲಾ ನಿಂತ್ಕಂಡು ಕೇಳ್ತಾರೆ. ಅಲ್ಲಿ ಗಟ್ಯಾಗಿ ಓದ್ಲಿ."