ತಲೆ ಕಡಿಯದ ಜಿತಾಡಾ

ನಮ್ಮಲ್ಲಿ ದೊಡ್ಡ ಮೀನು ತಂದರೆ ಅದರ ತಲೆ ಮನೆಯ ಹಿರಿಯರ ಬಟ್ಟಲಿಗೆ. ಈ ಪದ್ಧತಿಯನ್ನು ಭಾವನಿಗೆ ಹೇಳಿಕೊಟ್ಟವನು ನಾನೇ. ಭಾವ ವಿಜಾಪುರದ ಕಡೆಯವರು, ಠಾಣೆ ಹತ್ತಿರದ ಮಹಾಪೆಯ ಕಂಪನಿಯೊಂದರಲ್ಲಿ ಕೆಲಸ. ಅಕ್ಕ ಅವರನ್ನು ಮೆಚ್ಚಿ ಮದುವೆಯಾದಾಗ, ಮೀನು ತಿನ್ನದವರ ಮನೆಯಲ್ಲಿ ತಾನು ಉಣ್ಣುವುದಿಲ್ಲವೆಂದು ಕಳವಾದಲ್ಲಿದ್ದ ಅಪ್ಪ ಹಟ ಹಿಡಿದರು. ಭಾವ ಮೀನು ತಿನ್ನಲು ಕಲಿತರು. ಅದು ಸಾಲದೆಂದು ಇಬ್ಬರು ಕೂರುವ ಹಳೆಯ ಕಯಾಕ್ ದೋಣಿಯೊಂದನ್ನು ಕೊಂಡು ಹಿಡಿಯುವುದನ್ನೂ ಕಲಿತರು. ಅಪ್ಪ ಕೊನೆಗೂ ಕರಗಿ, ಒಂದು ಭಾನುವಾರ ಐರೋಲಿಯ ಅವರ ಮನೆಗೆ ಊಟಕ್ಕೆ ಬರುತ್ತೇನೆಂದರು.

ಆ ಬೆಳಿಗ್ಗೆ ಠಾಣೆಯ ಖಾಡಿಯಲ್ಲಿ, ಸಮುದ್ರದ ಆ ಹಿನ್ನೀರಿನಲ್ಲಿ, ಭಾವನ ಗಾಳಕ್ಕೆ ಜಿತಾಡಾ ಮೀನು ಬಿತ್ತು. ಎತ್ತಿ ಮಡಿಲಲ್ಲಿಟ್ಟರೆ ಮಗುವಿನಷ್ಟು ಭಾರ. ಐಸಿನ ಚೀಲದಲ್ಲಿ ಅದು ಅರ್ಧ ಮಾತ್ರ ಹಿಡಿಯಿತು. ಕರುಳು ತೆಗೆದು, ತಲೆ ಕಡಿದು, ತುಂಡು ಮಾಡಿ ಐಸಿನಲ್ಲಿ ಹೂತಿಡೋಣ ಎಂದೆ.

"ತಲಿ ಕಡದ ಮೀನ ಮಾವಾರ ಮುಂದ ಹೆಂಗ ಒಯ್ಯೂದು? ಇಡೀದ ನೋಡ್ಲಿ ಅವರು" ಎಂದರು ಭಾವ.

ಅಡುಗೆಮನೆಯಲ್ಲಿ ಹೇಗೂ ಕಡಿಯುವ ತಲೆ ಅದು. ಆದರೆ ಹೊಸಬರ ಭಕ್ತಿಗೆ ಯಾರೇನು ಹೇಳುವುದು? ತಲೆಯನ್ನು ಐಸಿಗೆ ತೂರಿಸಿ, ಹೊರಗುಳಿದ ಹೊಟ್ಟೆ, ಬಾಲಕ್ಕೆ ಒದ್ದೆ ಗೋಣಿ ಹೊದಿಸಿದರು. ಮರಳುವಾಗ ನೀರು ಇಳಿದು ಕಯಾಕ್ ಕೆಸರಿನಲ್ಲಿ ಕೂತಿತು. ನೀರೇರುವವರೆಗೆ ಸುಡುಬಿಸಿಲಲ್ಲಿ ಕಾದೆವು. ಗೋಣಿ ತೋಯಿಸೋಣವೆಂದರೆ ಬೊಗಸೆಗೆ ಬರಿಯ ಕೆಸರು.

ಮನೆ ಮುಟ್ಟುವಾಗ ಅಪ್ಪ ಬಂದು ಕೂತಾಗಿತ್ತು. ಅಕ್ಕ ಒಳಗೆ ಹೊಟ್ಟೆ ಸೀಳಿದಳು, ವಾಸನೆ ಮೂಗಿಗೆ ಬಡಿಯಿತು. ಕೆಡದೆ ಉಳಿದದ್ದು ಐಸಿನಲ್ಲಿದ್ದ ತಲೆಯೊಂದೇ. ಅಪ್ಪನಿಗೆ ಹೇಳಿಬಿಡೋಣವೆಂದರೆ ಭಾವ ಬೇಡವೆಂದು ಕೈಮುಗಿದರು. ಮಾವನೆದುರು ಅವರಿಗೆ ಅಷ್ಟು ನಾಚಿಕೆ.

ಅಪ್ಪನ ಬಟ್ಟಲಿಗೆ ತಲೆಯ ಸಾರು, ನಮ್ಮೆಲ್ಲರಿಗೆ ತೊವ್ವೆ. "ನಮಗ ಇವತ್ತ ಮೀನ ಬ್ಯಾಡ್ರಿ" ಎಂದರು ಭಾವ. ಅಪ್ಪ ಒಬ್ಬೊಬ್ಬರ ಬಟ್ಟಲನ್ನೂ ನೋಡಿದರು. ತನ್ನ ಜೊತೆ ಮೀನು ತಿನ್ನಲು ಅಳಿಯ ಹೇಸುತ್ತಾನೆ, ಮಕ್ಕಳೂ ಅವನ ಕಡೆಗಾದರು ಎಂದೇ ತಿಳಿದರು. ಅರ್ಧಕ್ಕೆ ಎದ್ದು ಕೈತೊಳೆದರು. ಆಮೇಲೆ ಎಷ್ಟು ಕರೆದರೂ ಆ ಮನೆಗೆ ಉಣ್ಣಲು ಬರಲಿಲ್ಲ.

ಕೆಲವು ವರ್ಷಗಳ ಬಳಿಕ ಭಾವ ಎದೆನೋವಿನಿಂದ ತೀರಿಕೊಂಡರು. ಕಾರ್ಯ ಮುಗಿಸಿ ಲೋಕಲ್ ರೈಲಿನಲ್ಲಿ ಮರಳುವಾಗ ಅಪ್ಪನಿಗೆ ಎಲ್ಲ ಹೇಳಿದೆ.

"ಮೀನು ಹಾಳಾಯ್ತು ಅಂತ ಹೇಳ್ಬಾರ್ದಿತ್ತಾ ಮಾರಾಯ? ನಾನೂ ಆ ತೊವ್ವೆಯನ್ನೇ ಉಣ್ತಿದ್ದೆ" ಎಂದರು.